ಮೆದು ನೀರಿನ ನಾಡಿನಲ್ಲಿ ಮಲಾವಿ ಮೀನು: ನಾಪೋಕ್ಲು ಬಳಿಯ ಒಂದು ಪ್ರಕರಣ ಅಧ್ಯಯನ

ನಾಪೋಕ್ಲು ಬಳಿಯ ಕಾಫಿ ತೋಟದ ಮನೆಯೊಂದರ ಹಜಾರದಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಅಕ್ವೇರಿಯಂ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಅದರಲ್ಲಿ ಮೊದಲು ಆಫ್ರಿಕನ್ ಸಿಕ್ಲಿಡ್‌ಗಳು, ಅಂದರೆ ಆಫ್ರಿಕದ ಮಲಾವಿ ಸರೋವರದಂಥ ಕಡೆಯ ಅಲಂಕಾರಿಕ ಮೀನುಗಳು, ಇದ್ದವು. ಒಂದು ಕಕ್ಕಡದಲ್ಲಿ (ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳು), ಮಳೆ ಹಿಡಿದು ಕೂತ ವಾರದಲ್ಲಿ, ಅವೆಲ್ಲ ಒಟ್ಟಿಗೆ ಸತ್ತವು. ಕೊಡಗಿನ ಚಳಿಗೆ ಈ ಮೀನು ಆಗಿಬರುವುದಿಲ್ಲ ಎಂದು ಮನೆಯವರು ನಂಬಿ ಕೈಬಿಟ್ಟಿದ್ದರು. ಈಗ ಅದೇ ತೊಟ್ಟಿಯಲ್ಲಿ ಅದೇ ಜಾತಿಯ ಮೀನುಗಳನ್ನು ಮತ್ತೆ ಸಾಕಬೇಕೆಂಬ ಆಸೆ. ಹಳೆಯ ಸಾವಿನ ಕಾರಣವನ್ನು ಮೊದಲು ಹುಡುಕಿ, ಆಮೇಲೆ ತೊಟ್ಟಿಗೆ ಕೈ ಹಾಕಲಾಯಿತು.

ಹಳೆಯ ಸಾವು: ಕಾರಣ ಚಳಿಯಲ್ಲ

ಮನೆಯವರ ನೆನಪಿನಲ್ಲಿ ಎರಡು ಸಂಗತಿ ಸ್ಪಷ್ಟವಾಗಿದ್ದವು. ಒಂದು, ಮೀನುಗಳು ಕೆಲವು ದಿನಗಳಿಂದ ಮಂಕಾಗಿ, ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಎರಡು, 'ನೀರು ಹುಳಿಯಾಗಿದೆ, ಸುಣ್ಣ ಹಾಕಿ' ಎಂದು ಯಾರೋ ಹೇಳಿದ್ದಕ್ಕೆ ಒಂದು ಚೊಂಬು ಸುಣ್ಣದ ತಿಳಿ ಸುರಿದರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಾವಿ ನೀರನ್ನು ಬಕೆಟಿನಲ್ಲಿ ತುಂಬಿ 24 ಗಂಟೆ ಗಾಳಿ ಹಾಯಿಸಿ ಪರೀಕ್ಷಿಸಿದರೆ ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬ ಅಳತೆ) 6.6, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡಸುತನ) 1. ಗಾಳಿ ಹಾಯಿಸುವುದು ಮುಖ್ಯ: ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದು ಪಿಎಚ್ ಸುಳ್ಳು ಹೇಳುತ್ತದೆ. ಆಮೇಲೆ ಕೆಎಚ್, ಅಂದರೆ ಪಿಎಚ್ ಬೀಳದಂತೆ ತಡೆಯುವ ಕ್ಷಾರದ (ಕಾರ್ಬೊನೇಟ್) ಅಳತೆ. ಹನಿ ಕಿಟ್‌ನಲ್ಲಿ 5 ಮಿ.ಲೀ. ನೀರಿಗೆ ಒಂದೊಂದೇ ಹನಿ ಬಿಡುತ್ತ ನೀಲಿ ಬಣ್ಣ ಹಳದಿಗೆ ತಿರುಗುವ ತನಕ ಎಣಿಸಬೇಕು, ಹನಿಗೊಂದು ಡಿಗ್ರಿ. ಇಲ್ಲಿ ಮೊದಲ ಹನಿಗೇ ನೀರು ಹಳದಿಯಾಯಿತು, ನೀಲಿ ಕಾಣಿಸಲೇ ಇಲ್ಲ. ಅಂದರೆ ಕೆಎಚ್ 1 ಅಥವಾ ಅದಕ್ಕೂ ಕಡಿಮೆ. ಕಗ್ಗಲ್ಲಿನ ನೆಲ, ಸುಣ್ಣದ ಅಂಶ ತೊಳೆದುಹೋದ ಮಣ್ಣು, ಮೇಲೆ ಅಷ್ಟು ಮಳೆ. ಕೊಡಗಿನ ಬಾವಿಗಳಲ್ಲಿ ಇದು ಸಹಜ. ತೋಟದ ಮಣ್ಣಿಗೆ ಕೆಲವು ವರ್ಷಕ್ಕೊಮ್ಮೆ ಸುಣ್ಣ ಹಾಕಬೇಕಾಗಿ ಬರುವುದೂ ಇದೇ ಕಾರಣಕ್ಕೆ.

ಮೀನಿನ ಹೊಲಸಿನ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ. ಪ್ರತಿ 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ದಿನಕ್ಕೆ 6 ಗ್ರಾಂ ಆಹಾರ ಬೀಳುವ, ಫಿಲ್ಟರ್ ತೊಟ್ಟಿಯೂ ಸೇರಿ 660 ಲೀಟರ್ ನೀರಿನ ವ್ಯವಸ್ಥೆಯಲ್ಲಿ ಲೆಕ್ಕ ಹಾಕಿದರೆ ವಾರಕ್ಕೆ ಹೆಚ್ಚುಕಡಿಮೆ 1 ಡಿಗ್ರಿ ಕೆಎಚ್ ಇಳಿಯುತ್ತದೆ. ಇರುವುದೇ 1 ಡಿಗ್ರಿ ಆದರೆ? ಪಿಎಚ್ 6ರ ಆಸುಪಾಸಿಗೆ ಜಾರುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಧಾನಿಸುತ್ತವೆ, ಅಮೋನಿಯಾ ಸೇರುತ್ತ ಹೋಗುತ್ತದೆ. ಆ ಪಿಎಚ್‌ನಲ್ಲಿ ಅದು ಬಹುತೇಕ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಮಂಕಾದರೂ ಕೂಡಲೇ ಸಾಯುವುದಿಲ್ಲ. ಅಂಥ ನೀರಿಗೆ ಸುಣ್ಣದ ತಿಳಿ ಬಿದ್ದರೆ, ತಡೆಯುವ ಕ್ಷಾರವೇ ಇಲ್ಲದ್ದರಿಂದ ಪಿಎಚ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಪಾಲು ಶೇ. 0.6ರಷ್ಟು, 8.2ರಲ್ಲಿ ಶೇ. 8ರಷ್ಟು. ಸುಣ್ಣದ ತಿಳಿ ಅದಕ್ಕೂ ಮೇಲೆ ಒಯ್ದಿರಬಹುದು. ಮೀನುಗಳನ್ನು ಕೊಂದದ್ದು ಆ ರಾತ್ರಿಯ ಚೊಂಬು, ಆದರೆ ಅದಕ್ಕೂ ಮೊದಲೇ ಕರಗಿಹೋದ ಕೆಎಚ್ ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಹಾಗಾಗಿ ಈ ಪ್ರಕರಣದಲ್ಲಿ ಎಲ್ಲ ನಿರ್ಧಾರಗಳೂ ಕೆಎಚ್ ಸುತ್ತಲೇ ತಿರುಗಿದವು. ಕೊಡಗಿನಲ್ಲಿ ಆಫ್ರಿಕನ್ ಸಿಕ್ಲಿಡ್ ಸಾಕುವವರು ಒಂದೇ ಒಂದು ಪರೀಕ್ಷಾ ಕಿಟ್ ಕೊಳ್ಳುವುದಾದರೆ ಅದು ಪಿಎಚ್ ಕಿಟ್ ಅಲ್ಲ, ಕೆಎಚ್ ಕಿಟ್ ಆಗಿರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪಿಎಚ್ ಬೀಳುವುದು ಕೊನೆಗೆ. ಕೆಎಚ್ ಇಳಿಯುತ್ತಿರುವುದು ವಾರಗಳ ಮೊದಲೇ ಕಾಣಿಸುತ್ತದೆ.

ತೊಟ್ಟಿ ಮತ್ತು ಹಳೆಯ ಸಾಮಾನು

ಕೆಲಸ ಶುರುವಾದದ್ದು ತುಲಾ ಸಂಕ್ರಮಣ ಕಳೆದು ಮಳೆ ಬಿಟ್ಟ ಮೇಲೆ. ಈ ಹೊತ್ತು ಬೇಕೆಂದೇ ಆರಿಸಿದ್ದು: ಮುಂದಿನ ಮಳೆಗಾಲ ಬರುವಷ್ಟರಲ್ಲಿ ಫಿಲ್ಟರಿಗೆ ಆರು ತಿಂಗಳಾದರೂ ವಯಸ್ಸಾಗಿರುತ್ತದೆ.

ಗಾಜು 12 ಮಿ.ಮೀ., ಬಿರುಕಿಲ್ಲ. ಸಿಲಿಕೋನ್ ಮಾತ್ರ ಮೂಲೆಗಳಲ್ಲಿ ಉಗುರಿಗೆ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಎದ್ದ ಕಡೆ ಮಾತ್ರ ತೇಪೆ ಹಾಕುವುದು ಪ್ರಯೋಜನವಿಲ್ಲ, ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಹಿಡಿಯುವುದಿಲ್ಲ. ಒಳಮೂಲೆಯ ಪಟ್ಟಿಯನ್ನು ಪೂರ್ತಿ ಬ್ಲೇಡಿನಲ್ಲಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬೂಸ್ಟುನಾಶಕ ಬೆರೆಸದ ಅಸಿಟಾಕ್ಸಿ ಸಿಲಿಕೋನ್ ಎಳೆಯಲಾಯಿತು. ಗಾಜು ಗಾಜಿಗೆ ಅಂಟಿದ ನಡುವಿನ ಜೋಡಣೆ ಗಟ್ಟಿಯಾಗಿದ್ದರಿಂದ ಅದನ್ನು ಮುಟ್ಟಲಿಲ್ಲ. ಅದು ಬಿಟ್ಟಿದ್ದರೆ ತೊಟ್ಟಿಯನ್ನೇ ಬಿಚ್ಚಿ ಕಟ್ಟಬೇಕಾಗುತ್ತಿತ್ತು. ಒಂದು ವಾರ ಒಣಗಲು ಬಿಟ್ಟು, ದಿನಕ್ಕೆ ಮೂರನೇ ಒಂದು ಭಾಗದಂತೆ ನೀರು ತುಂಬಿಸಿ, ಸುತ್ತ ಹಳೆಯ ಪತ್ರಿಕೆ ಹಾಸಿ ತೇವ ನೋಡಲಾಯಿತು.

ಭಾರ ನಿರ್ಲಕ್ಷಿಸುವಂಥದ್ದಲ್ಲ. ಅಳತೆಯ ಪ್ರಕಾರ 680 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಸುಮಾರು 550. ಗಾಜು 125 ಕೆ.ಜಿ., ಕಲ್ಲು ಮರಳು 180, ಕೆಳಗಿನ ಫಿಲ್ಟರ್ ತೊಟ್ಟಿ ಮತ್ತು ಅದರ 110 ಲೀಟರ್, ಸ್ಟ್ಯಾಂಡು. ಒಟ್ಟು ಒಂದು ಟನ್ನಿಗೂ ಮೇಲೆ. ಮರದ ಹಲಗೆಯ ಮಾಳಿಗೆ ಇರುವ ಹಳೆಯ ಮನೆಗಳಲ್ಲಿ ಇದನ್ನು ಮೇಲಕ್ಕೆ ಒಯ್ಯುವ ಯೋಚನೆಯೇ ಬೇಡ. ಹಳೆಯ ಪ್ಲೈವುಡ್ ಸ್ಟ್ಯಾಂಡ್ ತೇವಕ್ಕೆ ಉಬ್ಬಿತ್ತು. ಅದರ ಬದಲು 2 ಅಂಗುಲದ ಚೌಕ ಕಬ್ಬಿಣದ ಪೈಪಿನ ಸ್ಟ್ಯಾಂಡ್ ವೆಲ್ಡ್ ಮಾಡಿಸಿ, ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸಮ ಮಾಡಿ, ಗಾಜಿನಡಿಗೆ 12 ಮಿ.ಮೀ. ಥರ್ಮಾಕೋಲ್ ಹಾಸಲಾಯಿತು.

ಹಳೆಯ ಹೀಟರ್, ಏರ್ ಪಂಪಿನ ರಬ್ಬರ್, ಅವಧಿ ಮೀರಿದ ಪರೀಕ್ಷಾ ಹನಿಗಳು ಕಸಕ್ಕೆ. ಸೆರಾಮಿಕ್ ರಿಂಗ್‌ಗಳನ್ನು ಕುದಿಸಿ ಒಣಗಿಸಿ ಮತ್ತೆ ಬಳಸಬಹುದು, ಬಳಸಲಾಯಿತು.

ತಾಮ್ರ

ಬೇರೆ ಊರಿನ ಬರಹಗಳಲ್ಲಿ ಇದು ಸಿಗುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ. ಕಾಫಿಯ ಎಲೆತುಕ್ಕಿಗೆ, ಮೆಣಸಿನ ಸೊರಗು ರೋಗಕ್ಕೆ, ಅಡಿಕೆಯ ಕೊಳೆರೋಗಕ್ಕೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ಕ್ಷಾರ ಕಡಿಮೆ ಇರುವ ಮೆದು ನೀರಿನಲ್ಲಿ ಅದರ ಪ್ರಭಾವ ಇನ್ನೂ ತೀವ್ರ. ಹೀಗಾಗಿ ತೋಟದ ಡ್ರಮ್, ಬಕೆಟ್, ಪೈಪು, ಸಿಂಪಡಣೆಯ ಪಂಪು ಯಾವುದೂ ಅಕ್ವೇರಿಯಂ ಹತ್ತಿರ ಸುಳಿಯಬಾರದು. ಮೆಣಸಿನ ಬಳ್ಳಿಯ ಬುಡದ ಕಲ್ಲು ನೋಡಲು ಎಷ್ಟೇ ಚೆನ್ನಾಗಿರಲಿ ಬೇಡ. ಸಿಂಪಡಣೆ ನಡೆದ ತೋಟದ ನಡುವಿನ ಮನೆಯಲ್ಲಿ ಸೂರಿನ ನೀರು ಹಿಡಿದು ತುಂಬಿಸುವುದೂ ಬೇಡ.

ಇನ್ನೊಂದು ತಾಮ್ರ ಬಚ್ಚಲಿನಲ್ಲಿದೆ. ಒಲೆಯ ಹಂಡೆಯ ಬಿಸಿನೀರು ಬೆರೆಸಿ ಅಕ್ವೇರಿಯಂ ನೀರನ್ನು ಬೆಚ್ಚಗೆ ಮಾಡುವುದು ಸುಲಭವೆಂದು ತೋರುತ್ತದೆ. ತಾಮ್ರದ ಹಂಡೆಯಲ್ಲಿ ಇಡೀ ರಾತ್ರಿ ನಿಂತ ಹುಳಿ ನೀರು ತಾಮ್ರವನ್ನು ಕರಗಿಸಿಕೊಂಡಿರುತ್ತದೆ. ಬಕೆಟಿಗೆ ಇಳಿಸುವ ವಾಟರ್ ಹೀಟರ್ ರಾಡಿನ ಹೊರಕವಚವೂ ಸಾಮಾನ್ಯವಾಗಿ ತಾಮ್ರದ್ದೇ, ಮೇಲೆ ಬರೀ ಲೇಪನ. ಈ ಮನೆಯಲ್ಲಿ ಬದಲಿ ನೀರಿಗೆಂದೇ 300 ಲೀಟರಿನ ಹೊಸ ಪ್ಲಾಸ್ಟಿಕ್ ಡ್ರಮ್ ತಂದು, ಅದರಲ್ಲಿ 300 ವ್ಯಾಟಿನ ಗಾಜಿನ ಅಕ್ವೇರಿಯಂ ಹೀಟರ್ ಇಡಲಾಗಿದೆ. 250 ಲೀಟರ್ ನೀರು 18 ಡಿಗ್ರಿಯಿಂದ 24ಕ್ಕೆ ಏರಲು ಸುಮಾರು 6 ಗಂಟೆ ಸಾಕು, ರಾತ್ರಿ ಹಾಕಿದರೆ ಬೆಳಿಗ್ಗೆ ಸಿದ್ಧ.

ನೀರಿನ ಲೆಕ್ಕ

ಗುರಿ: ಕೆಎಚ್ 7, ಜಿಎಚ್ 5, ಪಿಎಚ್ 8ರಿಂದ 8.2, ಉಷ್ಣತೆ 26. ಮಲಾವಿ ಸರೋವರದ ನೀರು ಕ್ಷಾರೀಯ, ಆದರೆ ಅನೇಕರು ಭಾವಿಸಿರುವಷ್ಟು ಗಡಸಲ್ಲ, ಉಪ್ಪಂತೂ ಅಲ್ಲ. ಕಲ್ಲುಪ್ಪು ಸುರಿಯುವುದರಿಂದ ಕೆಎಚ್ ಒಂದು ಡಿಗ್ರಿಯೂ ಏರುವುದಿಲ್ಲ. ಮನೆಯವರಿಗೆ ಟ್ಯಾಂಗನೀಕಾ ಸರೋವರದ ಟ್ರೋಫಿಯಸ್ ಎಂಬ ಸಿಕ್ಲಿಡ್ ಮೇಲೂ ಮನಸ್ಸಿತ್ತು. ಆ ಸರೋವರದ ಪಿಎಚ್ 9ರ ಹತ್ತಿರ, ಕ್ಷಾರ ಮಲಾವಿಯ ಎರಡು ಪಟ್ಟಿಗೂ ಹೆಚ್ಚು. ಪ್ರತಿ ವಾರ 1 ಡಿಗ್ರಿಯ ನೀರನ್ನು ಅಲ್ಲಿಯವರೆಗೆ ಎತ್ತುವ ಹೊರೆ ಬೇಡವೆಂದು ಅದನ್ನು ಕೈಬಿಡಲಾಯಿತು.

ಅಳತೆ ಹೀಗೆ. 100 ಲೀಟರಿಗೆ 1 ಡಿಗ್ರಿ ಕೆಎಚ್ ಏರಿಸಲು ಅಡುಗೆ ಸೋಡಾ 3 ಗ್ರಾಂ. 1 ಡಿಗ್ರಿ ಜಿಎಚ್‌ಗೆ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) 4.4 ಗ್ರಾಂ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2.6 ಗ್ರಾಂ. ಒಟ್ಟು 660 ಲೀಟರಿಗೆ ಮೊದಲ ಬಾರಿ ಬಿದ್ದದ್ದು ಸೋಡಾ 120 ಗ್ರಾಂ, ಎಪ್ಸಮ್ 58 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 34 ಗ್ರಾಂ. ಮೀನಿಲ್ಲದ ತೊಟ್ಟಿಯಾದ್ದರಿಂದ ಒಂದೇ ದಿನ ಹಾಕಲಾಯಿತು. ಮೀನಿದ್ದರೆ ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಏರಿಸಬಾರದು. ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಹಿಟ್ಟು ಮತ್ತು ಆಮ್ಲ ಬೆರೆತಿರುತ್ತದೆ. ಪೊಟ್ಟಣದ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಎಂದಷ್ಟೇ ಇರಬೇಕು.

ಮೂರನ್ನೂ ಒಂದೇ ಮಗ್ಗಿನಲ್ಲಿ ಕಲಸಿದರೆ ನೀರು ಹಾಲಿನಂತಾಗಿ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಗಾಢವಾಗಿ ಸೇರಿದಾಗ ಸುಣ್ಣದಕಲ್ಲಾಗಿ ಇಳಿಯುವುದರಿಂದ ಹಾಕಿದ್ದು ವ್ಯರ್ಥ. ಬೇರೆ ಬೇರೆ ಕರಗಿಸಿ, ಡ್ರಮ್ಮಿನ ತುಂಬು ನೀರಿಗೆ ಒಂದಾದ ಮೇಲೊಂದು ಹಾಕಬೇಕು.

ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ 5 ಕೆ.ಜಿ. ಹವಳದ ಚೂರನ್ನೂ ಬಲೆಚೀಲದಲ್ಲಿ ಇಡಲಾಗಿದೆ. ಅದು ವಿಮೆ ಮಾತ್ರ. ಪಿಎಚ್ 8ರ ಸುಮಾರಿಗೆ ಅದು ಕರಗುವುದು ತೀರ ನಿಧಾನ. ಮರೆತು ಬಿಟ್ಟ ವಾರ ಪಿಎಚ್ ಜಾರತೊಡಗಿದರೆ ಕರಗಿ ಆಸರೆ ಕೊಡುತ್ತದೆ. ಅದೊಂದನ್ನೇ ನಂಬಿದರೆ ಕೆಎಚ್ 7 ಎಂದೂ ಸಿಗುವುದಿಲ್ಲ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಈ ಮನೆಯಲ್ಲೂ ಇದೆ. ಆ ವಾರ ನೀರು ಬದಲಾವಣೆ ಮುಂದೂಡುತ್ತಾರೆ, ಇಲ್ಲವೇ ಡ್ರಮ್ಮಿಗೆ ಕ್ಲೋರಿನ್ ನಿವಾರಕ ಹಾಕಿ ಇಡೀ ದಿನ ಗಾಳಿ ಹಾಯಿಸುತ್ತಾರೆ.

ಕಲ್ಲು, ಫಿಲ್ಟರ್, ಬಿಸಿ

ಎಂಬುನಾ ಎಂಬ ಬಂಡೆವಾಸಿ ಮೀನುಗಳು ಮರಳನ್ನು ತಳದವರೆಗೆ ಬಗೆಯುತ್ತವೆ. ಮರಳಿನ ಮೇಲೆ ನಿಲ್ಲಿಸಿದ ಕಲ್ಲು ಒಂದಲ್ಲ ಒಂದು ದಿನ ಜಾರಿ ಗಾಜಿಗೆ ಬಡಿಯುತ್ತದೆ. ಆದ್ದರಿಂದ ಮೊದಲು ತಳಕ್ಕೆ ತೆಳುವಾದ ಫೋಮ್ ಹಾಳೆ, ಅದರ ಮೇಲೆ 120 ಕೆ.ಜಿ. ಕಗ್ಗಲ್ಲಿನ ಗುಂಡುಗಳು, ಕೊನೆಗೆ ಸುತ್ತ 60 ಕೆ.ಜಿ. ಮರಳು. ಕಲ್ಲಿನ ರಾಶಿ ಎರಡಾಗಿದ್ದು ನಡುವೆ ಬಯಲಿದೆ. ಒಂದೇ ರಾಶಿಯಾದರೆ ಒಂದೇ ಗಂಡು ಇಡೀ ತೊಟ್ಟಿಯನ್ನು ತನ್ನದೆಂದುಕೊಳ್ಳುತ್ತದೆ. ಜಂಬಿಟ್ಟಿಗೆ ಕಲ್ಲು ಬೇಡ, ಮೆದುವಾಗಿ ಉದುರಿ ನೀರನ್ನು ಕೆಂಪು ಮಾಡುತ್ತದೆ.

ಫಿಲ್ಟರ್ ತೊಟ್ಟಿ 3 × 1.5 × 1.5 ಅಡಿ. ಪಂಪು ಗಂಟೆಗೆ 4,000 ಲೀಟರ್, ಅದೂ 4 ಅಡಿ ಎತ್ತರಕ್ಕೆ ತಳ್ಳಿದ ಮೇಲಿನ ಲೆಕ್ಕ. ಡಬ್ಬಿಯ ಮೇಲಿನ ಅಂಕಿ ಶೂನ್ಯ ಎತ್ತರದ್ದು. ಕರೆಂಟ್ ಹೋದಾಗ ಮೇಲಿನಿಂದ ಹರಿದು ಬರುವ ನೀರು ಹಿಡಿಸಲು 190 ಲೀಟರಿನ ಈ ತೊಟ್ಟಿಯಲ್ಲಿ 110 ಮಾತ್ರ ತುಂಬಿಸಲಾಗಿದೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರನ್ನು ಇಲ್ಲಿ ಬೇಡವೆಂದದ್ದು ಕರೆಂಟಿನ ಕಾರಣಕ್ಕೇ: ಗಂಟೆಗಟ್ಟಲೆ ನಿಂತರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ಮತ್ತೆ ಚಾಲೂ ಆದಾಗ ಆ ಕೊಳೆತ ನೀರು ನೇರ ಮೀನಿನ ಮೇಲೆ ಬೀಳುತ್ತದೆ. ಈಗಾಗಲೇ ಕ್ಯಾನಿಸ್ಟರ್ ಇರುವವರು ದೀರ್ಘ ನಿಲುಗಡೆಯ ನಂತರ ಅದನ್ನು ಬಿಚ್ಚಿ, ನೀರು ಚೆಲ್ಲಿ, ಆಮೇಲೆ ಚಾಲೂ ಮಾಡಲಿ.

ಹೀಟರ್ 300 ವ್ಯಾಟಿನವು ಎರಡು. 600ರದ್ದು ಒಂದೇ ಇದ್ದು ಅದರ ಥರ್ಮೊಸ್ಟಾಟ್ ಅಂಟಿಕೊಂಡರೆ ಮೀನು ಬೇಯುತ್ತದೆ. ಎರಡರಲ್ಲಿ ಒಂದು ಕೆಟ್ಟು ಉರಿಯುತ್ತಲೇ ಉಳಿದರೂ, ಆರಿಯೇ ಹೋದರೂ ಸರಿಪಡಿಸಲು ಸಮಯ ಸಿಗುತ್ತದೆ. 660 ಲೀಟರನ್ನು 1 ಡಿಗ್ರಿ ಏರಿಸಲು 0.77 ಯೂನಿಟ್ ಬೇಕು. ಹಿಂಬದಿ ಮತ್ತು ಎರಡು ಪಕ್ಕಕ್ಕೆ 25 ಮಿ.ಮೀ. ಥರ್ಮಾಕೋಲ್, ಮೇಲೆ ಗಾಜಿನ ಮುಚ್ಚಳ ಹಾಕಿದ ನಂತರ, 18 ಡಿಗ್ರಿಯ ಹಜಾರದಲ್ಲಿ ಹೀಟರ್ ಆರಿಸಿ ನೋಡಿದಾಗ 12 ಗಂಟೆಯಲ್ಲಿ ಇಳಿದದ್ದು 1.5 ಡಿಗ್ರಿ. ಅಂದರೆ ಮಳೆಗಾಲದಲ್ಲಿ 26 ಡಿಗ್ರಿ ಕಾಯ್ದುಕೊಳ್ಳಲು ದಿನಕ್ಕೆ ಸುಮಾರು 2.3 ಯೂನಿಟ್. ಎಲ್ಲ ತಂತಿಗಳೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಮೂಲಕ ಹೋಗುತ್ತವೆ, ಪ್ರತಿ ವೈರೂ ಸಾಕೆಟಿಗಿಂತ ಕೆಳಗೆ ಜೋತು ಮೇಲೇರುತ್ತದೆ, ಹನಿ ಅಲ್ಲೇ ಉದುರಲೆಂದು.

ಮೀನು ತರುವ ಮುನ್ನ, ತಂದ ಮೇಲೆ

ಮೀನಿಲ್ಲದೆ ಫಿಲ್ಟರ್ ಪಕ್ವಗೊಳಿಸಲು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸಲು, 4 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ.) ಆಗುತ್ತದೆ. ಅದು 24 ಗಂಟೆಯಲ್ಲಿ ಸೊನ್ನೆಗೆ ಇಳಿದು, ನೈಟ್ರೇಟ್ ಆಗುವ ಮುನ್ನ ನಡುವೆ ಹುಟ್ಟುವ ನೈಟ್ರೈಟ್ ಕೂಡ ಸೊನ್ನೆಯಾಗುವ ತನಕ ಹಾಕುತ್ತಲೇ ಇರಬೇಕು. ಈ ಹಂತದಲ್ಲೂ ಕೆಎಚ್ ಕುಸಿಯುತ್ತದೆ. ಮೂರನೇ ವಾರ ಇಲ್ಲಿ ಎಲ್ಲ ನಿಂತಂತೆ ಕಂಡಾಗ ಕೆಎಚ್ 3ಕ್ಕೆ ಬಂದಿತ್ತು. 80 ಗ್ರಾಂ ಸೋಡಾ ಬಿದ್ದ ಮೇಲೆ ಮತ್ತೆ ಚುರುಕಾಯಿತು. ಪುತ್ತರಿ ಹಬ್ಬ (ನವೆಂಬರ್-ಡಿಸೆಂಬರ್) ಕಳೆಯುವ ಹೊತ್ತಿಗೆ ತೊಟ್ಟಿ ಸಿದ್ಧವಾಯಿತು.

ಆಯ್ಕೆಯಾದವು ಮೂರು ಜಾತಿ: ಎಲೆಕ್ಟ್ರಿಕ್ ಯೆಲ್ಲೋ ಎಂದು ಮಾರುವ ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್ 12, ಸೌಲೋಸಿ 15, ರಸ್ಟಿ ಸಿಕ್ಲಿಡ್ 12. ಮೂರೂ ಎಂಬುನಾಗಳಲ್ಲಿ ಸ್ವಲ್ಪ ಸೌಮ್ಯ. ಸೌಲೋಸಿಯ ಹೆಣ್ಣು ಹಳದಿ, ಪ್ರಬಲ ಗಂಡು ನೀಲಿಯ ಮೇಲೆ ಕಪ್ಪು ಪಟ್ಟಿ, ಒಂದೇ ಜಾತಿ ಎರಡು ಬಣ್ಣ ಕೊಡುತ್ತದೆ. 'ಆಫ್ರಿಕನ್ ಮಿಕ್ಸ್' ಎಂದು ಮಾರುವ ಕಲಸುಮೇಲೋಗರ ಬೇಡ. ಅದರಲ್ಲಿ ಮಿಶ್ರತಳಿಗಳೂ ಆರಾಟಸ್‌ನಂಥ ಜಗಳಗಂಟ ಮೀನುಗಳೂ ಇರುತ್ತವೆ. ರೆಡ್ ಜೀಬ್ರಾವನ್ನು ಯೆಲ್ಲೋ ಜೊತೆ ಇಟ್ಟರೆ ಕೂಡಿ ಮರಿ ಮಾಡುತ್ತವೆ, ಅದನ್ನೂ ಬಿಡಲಾಯಿತು.

ಮೀನು ಬಂದದ್ದು ಬೆಂಗಳೂರಿನಿಂದ, ಒಂದೂವರೆ ಅಂಗುಲದ ಮರಿಗಳು, ಆಮ್ಲಜನಕ ತುಂಬಿದ ಚೀಲಗಳಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಹೊರಡುವ ಹಿಂದಿನ ದಿನ ಆಹಾರ ಕೊಡದಂತೆ ಹೇಳಿದ್ದರಿಂದ ಚೀಲದ ನೀರು ತಿಳಿಯಾಗಿತ್ತು. ಮಾರುವವರಿಂದ ಕೆಎಚ್, ಪಿಎಚ್ ಕೇಳಿಕೊಂಡು ಕ್ವಾರಂಟೈನ್ ತೊಟ್ಟಿಯ ನೀರನ್ನು ಅದಕ್ಕೆ ಹತ್ತಿರ ಮಾಡಿಟ್ಟಿದ್ದರು. ಹಲವು ಗಂಟೆ ಪ್ರಯಾಣಿಸಿದ ಚೀಲವನ್ನು ಬಿಚ್ಚಿಟ್ಟು ಹನಿಹನಿಯಾಗಿ ಗಂಟೆಗಟ್ಟಲೆ ಒಗ್ಗಿಸುವುದು ಅಪಾಯ: ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ ಏರಿ, ಚೀಲದ ಅಮೋನಿಯಾ ವಿಷವಾಗುತ್ತದೆ. ಚೀಲ ತೇಲಿಸಿ ಉಷ್ಣತೆ ಸಮ ಮಾಡಿ, ಬಲೆಯಿಂದ ಮೀನನ್ನಷ್ಟೇ ಬಿಟ್ಟು ನೀರು ಚೆಲ್ಲಲಾಯಿತು. ನಾಲ್ಕು ವಾರದ ನಂತರ 39 ಮೀನುಗಳನ್ನೂ ಒಂದೇ ದಿನ ದೊಡ್ಡ ತೊಟ್ಟಿಗೆ. ಮೊದಲು ಹೋದವು ಜಾಗ ಹಿಡಿದು ಆಮೇಲೆ ಬಂದವನ್ನು ಬಡಿಯದಿರಲೆಂದು.

ಆಹಾರ ಸ್ಪಿರುಲಿನಾ ಪ್ರಧಾನವಾದ ಕಾಳು, ದಿನಕ್ಕೆ ಎರಡು ಸಲ, ಅರ್ಧ ನಿಮಿಷದಲ್ಲಿ ಮುಗಿಯುವಷ್ಟು. ಸೌಲೋಸಿಯಂಥ ಎಂಬುನಾಗಳು ಬಂಡೆಯ ಪಾಚಿ ಕೆರೆದು ತಿನ್ನುವ ಉದ್ದ ಕರುಳಿನ ಮೀನುಗಳು. ಮಾರ್ಚ್‌ನಲ್ಲಿ ಕೆಲವು ದಿನ ಬ್ಲಡ್‌ವರ್ಮ್ ಹಾಕಿದ್ದರ ಬೆನ್ನಿಗೇ ಎರಡು ಸೌಲೋಸಿ ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳತೊಡಗಿದವು, ಬಿಳಿ ದಾರದಂಥ ಮಲ ಜೋತಾಡಿತು. ಮಲಾವಿ ಬ್ಲೋಟ್ ಎಂಬ ಹೊಟ್ಟೆಯುಬ್ಬರದ ರೋಗದ ಮೊದಲ ಗುರುತು ಇದು, ಹೊಟ್ಟೆ ಉಬ್ಬುವುದು ಕಡೆಯ ಗುರುತು. ಎರಡನ್ನೂ 60 ಲೀಟರಿನ ತೊಟ್ಟಿಗೆ ಬದಲಿಸಿ, 400 ಮಿ.ಗ್ರಾಂ. ಮೆಟ್ರೊನಿಡಜೋಲ್ ಮಾತ್ರೆ ಒಂದನ್ನು ಪುಡಿ ಮಾಡಿ ಹಾಕಿ, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ ಮತ್ತೊಂದು, ಹೀಗೆ ಐದು ಬಾರಿ. ಒಂದು ಉಳಿಯಿತು. ಹೊಟ್ಟೆ ಅದಾಗಲೇ ಉಬ್ಬಿದ್ದ ಇನ್ನೊಂದು ಉಳಿಯಲಿಲ್ಲ.

ವಾರದ ಕೆಲಸ

ಭಾನುವಾರ ಬೆಳಿಗ್ಗೆ 250 ಲೀಟರ್ ಬದಲಾವಣೆ. ಡ್ರಮ್ಮಿಗೆ ಸೋಡಾ 57 ಗ್ರಾಂ (ಹೊಸ ನೀರಿಗೆ 45, ವಾರದ ಖರ್ಚಿಗೆ 12), ಎಪ್ಸಮ್ 22, ಕ್ಯಾಲ್ಸಿಯಂ ಕ್ಲೋರೈಡ್ 13. ಬದಲಿಸುವ ಮೊದಲು ಕೆಎಚ್ ಮತ್ತು ನೈಟ್ರೇಟ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. ನೈಟ್ರೇಟ್ 30 ಪಿಪಿಎಂ ಆಸುಪಾಸು ನಿಂತಿದೆ. ತೆಗೆದ ನೀರನ್ನು ಪ್ರತಿ ವಾರ ಒಂದೇ ಕುಂಡ, ಒಂದೇ ಕಾಫಿ ಗಿಡಕ್ಕೆ ಹಾಕಬಾರದು, ಸೋಡಿಯಂ ಸೇರುತ್ತದೆ. ಇಲ್ಲಿ ಹುಲ್ಲಿನ ಮೇಲೆ ಬೇರೆ ಬೇರೆ ಕಡೆ ಬಿಡುತ್ತಾರೆ. ಮೀನನ್ನಾಗಲಿ ಮರಿಯನ್ನಾಗಲಿ ತೋಟದ ಕೆರೆಗೆ ಬಿಡುವ ಮಾತೇ ಇಲ್ಲ. ಮಳೆಗಾಲದಲ್ಲಿ ಆ ಕೆರೆಗಳು ಕೋಡಿ ಹರಿದು ತೋಡು ಸೇರಿ ಕಾವೇರಿಗೆ ಹೋಗುತ್ತವೆ. ಜಿಲೇಬಿ ಎಂದು ನಾವು ಕರೆಯುವ ಟಿಲಾಪಿಯಾವೂ ಆಫ್ರಿಕದ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದದ್ದು ಈಗ ಎಲ್ಲೆಲ್ಲಿ ಹಬ್ಬಿದೆ ಎಂಬುದು ಕಣ್ಣೆದುರಿಗಿದೆ.

ಕಕ್ಕಡದ ಪರೀಕ್ಷೆ

ಜುಲೈ ಕೊನೆಯಲ್ಲಿ ಮರ ಬಿದ್ದು ಲೈನ್ ಹರಿದು 56 ಗಂಟೆ ಕರೆಂಟ್ ಇರಲಿಲ್ಲ. ಮೊದಲೇ ಬರೆದಿಟ್ಟ ಕ್ರಮ ಹೀಗಿತ್ತು: ಆಹಾರ ಪೂರ್ತಿ ಬಂದ್. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರಿಗೆ ಏರ್ ಪಂಪು, ತೊಟ್ಟಿಯಲ್ಲಿ ಸದಾ ಇರುವ ಎರಡು ಸ್ಪಾಂಜ್ ಫಿಲ್ಟರ್ ಮತ್ತು ಫಿಲ್ಟರ್ ತೊಟ್ಟಿಯಲ್ಲೊಂದು ಗಾಳಿಕಲ್ಲು, ಅಷ್ಟೇ. 40 ವ್ಯಾಟಿನ ಈ ಹೊರೆ ಸುಮಾರು 30 ಗಂಟೆ ನಡೆಯುತ್ತದೆ. ಹೀಟರನ್ನು ಇನ್ವರ್ಟರಿಗೆ ಕೊಟ್ಟರೆ ಎರಡು ಗಂಟೆಯಲ್ಲಿ ಬ್ಯಾಟರಿ ಖಾಲಿ, ಆಮೇಲೆ ಗಾಳಿಯೂ ಇಲ್ಲ. ಸಂಜೆ ಫ್ರಿಜ್ಜಿಗೆಂದು ಜನರೇಟರ್ ಓಡಿಸುವ ಎರಡು ಗಂಟೆ ಮಾತ್ರ ಎರಡೂ ಹೀಟರ್ ಮತ್ತು ಇನ್ವರ್ಟರ್ ಚಾರ್ಜಿಂಗ್. ಮುಂದಿನ ಗಾಜಿಗೆ ಕಂಬಳಿ ಹೊದಿಸಲಾಯಿತು.

ದಾಖಲಾದ ಅತಿ ಕಡಿಮೆ ಉಷ್ಣತೆ 22.8. ಕೆಎಚ್ 6.5, ಅಮೋನಿಯಾ ಸೊನ್ನೆ. ಮೀನು ಒಂದೂ ಸಾಯಲಿಲ್ಲ. ಬಾಯಲ್ಲಿ ಮೊಟ್ಟೆ ಹಿಡಿದಿದ್ದ ಒಂದು ಯೆಲ್ಲೋ ಹೆಣ್ಣು ಮಾತ್ರ ಅದನ್ನು ಉಗುಳಿಬಿಟ್ಟಿತು. ಕರೆಂಟ್ ಬಂದ ಮೇಲೆ ಒಂದು ದಿನ ಬಿಟ್ಟು ಅರ್ಧ ಪ್ರಮಾಣದಿಂದ ಆಹಾರ ಶುರು ಮಾಡಿದರು. ಎರಡು ಗಂಟೆಯ ಚಾರ್ಜಿಗೆ ಬ್ಯಾಟರಿ ಪೂರ್ತಿ ತುಂಬದೆ ಎರಡನೇ ರಾತ್ರಿ ಇನ್ವರ್ಟರ್ ಬೆಳಗಿನ ಜಾವ ಕೂಗಿಕೊಂಡಿತ್ತು. ಹಾಗಾಗಿ ಈಗ ಎರಡನೇ ಬ್ಯಾಟರಿಯ ಬದಲು, 5 ವ್ಯಾಟಿನ ಡಿಸಿ ಏರ್ ಪಂಪು ಮತ್ತು ಅದಕ್ಕೊಂದು ಚಿಕ್ಕ 12 ವೋಲ್ಟ್ ಬ್ಯಾಟರಿ ತಂದು ಫಿಲ್ಟರ್ ತೊಟ್ಟಿಯ ಪಕ್ಕದಲ್ಲಿ ಜೋಡಿಸಿದ್ದಾರೆ.